ನಿಕಿತಾಳ ಹೆಸರಿಗೆ ಹೋದ ಮೇಲ್‌ಗಳು

“ಇದು ಗಿರಾಕಿಯಲ್ಲ ಮಾರಾಯ್ತಿ, ಕಳ್ಳ,” ಎಂದ ಇಸ್ಮಾಯಿಲ್, ಪರದೆಯ ಮೇಲೆ ಬೆರಳಿಟ್ಟು.

ನಿಕಿತಾ ಎಂಬ ಹೆಸರಿನ ಆ ವಿಳಾಸದಲ್ಲಿ ಅವನ ಮದುವೆ ಫೋಟೋ ಸ್ಟುಡಿಯೋ ಕಳಿಸಿದ ಪ್ರತಿಯೊಂದು ಮೇಲನ್ನೂ ತೆರೆಯಲಾಗಿತ್ತು. ಒಮ್ಮೆಯಲ್ಲ, ದಿನವೂ. ಹೋದ ವರ್ಷದ ಮೇಲನ್ನೂ ನಿನ್ನೆ ಯಾರೋ ಓದಿದ್ದರು. ಉತ್ತರವಿಲ್ಲ, ಆರ್ಡರಿಲ್ಲ.

“ತಿರುವನಂತಪುರದ ಯಾವನೋ ಫೋಟೋದವನು ನಿನ್ನ ಬರಹ ಕದ್ದು ಅವನ ಗಿರಾಕಿಗಳಿಗೆ ಕಳಿಸ್ತಾ ಇದ್ದಾನೆ. ಬುಕ್ ಮಾಡುವಾಗ ಮದುಮಗಳು ನಿಕಿತಾ ಕೊಟ್ಟ ನಂಬರಿಗೆ ಫೋನ್ ಮಾಡಿದೆ, ಈಗ ಚಾಲ್ತಿಯಲ್ಲಿಲ್ಲವಂತೆ. ಮನೆ ಅಲ್ಲಿಯೇ ಶ್ರೀಕಾರ್ಯಂನಲ್ಲಿ ಅಂತ ಉಂಟು. ಹೋಗಿ ನೋಡಿ ಬಾ.”

“ನಾನಾ ಇಕ್ಕಾ?” ಎಂದಳು ಹರಿಣಾಕ್ಷಿ. ಸ್ಟುಡಿಯೋದಲ್ಲಿ ಎಲ್ಲರಿಗೂ ಅವನು ಇಕ್ಕಾ, ಅಣ್ಣ.

“ಮತ್ತೆ? ಬರೆದದ್ದು ಯಾರು, ನನ್ನ ಅಜ್ಜಿಯಾ? ನಿನ್ನ ಮೇಲ್ ನೋಡಿ ಒಬ್ಬರಾದರೂ ಬುಕ್ ಮಾಡಿದ್ದಾರಾ? ಈ ತಿಂಗಳು ಒಂದು ತೋರಿಸು. ಇಲ್ಲದಿದ್ದರೆ ನಿಲ್ಲಿಸುವ. ವಾಟ್ಸಾಪ್ ಸಾಕು.”

ಮೇಲ್ ನಿಂತರೆ ಹರಿಣಾಕ್ಷಿಯ ಕೆಲಸವೂ ಹೋಯಿತು. ಕಾಸರಗೋಡಿನಿಂದ ಕೊಚ್ಚಿಗೆ ಬಂದು ಸಂಜೆ ತರಗತಿಯಲ್ಲಿ ಅವಳು ಕಲಿತದ್ದು ಅದೊಂದೇ. ಓದುವವಳಿಗೆ ಇದು ತನಗೊಬ್ಬಳಿಗೇ ಬರೆದದ್ದು ಅನ್ನಿಸಬೇಕು ಎಂದಿದ್ದರು ಅಲ್ಲಿನ ಮೇಡಂ. ಹರಿಣಾಕ್ಷಿ ಹಾಗೆಯೇ ಬರೆದಿಟ್ಟಿದ್ದಳು. ಎಲ್ಲರಿಗೂ ಅದೇ ಬರಹ; ಹೆಸರು, ಮದುವೆಯ ದಿನಾಂಕ ತುಂಬಿದರಾಯಿತು. ಮುಂದಿನ ಶುಭಾಶಯಗಳನ್ನೆಲ್ಲ ಕಂಪ್ಯೂಟರು ತಿಂಗಳು ಎಣಿಸಿ ತಾನೇ ಕಳಿಸುತ್ತಿತ್ತು. ಮೊದಮೊದಲು ‘ಸಂಭ್ರಮ’ ಎಂದು ಬರೆಯುವಾಗ ಅವಳಿಗೂ ಏನೋ ಆಗುತ್ತಿತ್ತು. ಈಗ ಏನೂ ಆಗುವುದಿಲ್ಲ.

ಮರುದಿನ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು ಬಸ್ಸು ಹಿಡಿದಳು. ಕಳ್ಳನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಲಯಾಳಂನಲ್ಲಿ ಗಟ್ಟಿ ಮಾಡಿಕೊಂಡಳು. ಹೇಳಿದ್ದು ತಪ್ಪಾದರೆ? ಮನೆಯೇ ತಪ್ಪಾದರೆ? ಅಷ್ಟು ಯೋಚಿಸುವ ಹೊತ್ತಿಗೆ ಸ್ಟಾಪು ಬಂತು.

ಬಾಗಿಲು ತೆರೆದ ವಯಸ್ಸಾದ ಹೆಂಗಸಿನ ಕೈಯಲ್ಲಿ ಸೂಜಿದಾರವಿತ್ತು. ಸ್ಟುಡಿಯೋದ ಹೆಸರು ಹೇಳಿದ್ದೇ ತಡ, ಆಕೆ ಒಳಗೆ ತಿರುಗಿ ಕನ್ನಡದಲ್ಲಿ ಕೂಗಿದಳು.

“ಏನ್ರೀ, ಕೊಚ್ಚಿ ಸ್ಟುಡಿಯೋದವರು ಬಂದಾರ!”

ಗಟ್ಟಿ ಮಾಡಿದ ಮಲಯಾಳಂ ಎಲ್ಲ ವ್ಯರ್ಥವಾಯಿತು. ಗಂಡ ವೀರಭದ್ರ, ಹೆಂಡತಿ ಮೋಹಿನಿ. ಧಾರವಾಡದ ಕಡೆಯವರು. ಆತ ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಊಟದ ಮೇಜಿನ ಮೇಲೆ ಹಳೆಯ ಕಂಪ್ಯೂಟರು ತೆರೆದೇ ಇತ್ತು. ಅದರಲ್ಲಿ ಹರಿಣಾಕ್ಷಿಯದೇ ಇಂಗ್ಲಿಷ್ ವಾಕ್ಯ: ಪ್ರೀತಿಯ ನಿಕಿತಾ, ಮನೆಗೆ ಪುಟ್ಟ ಅತಿಥಿ ಬಂದಾಯಿತಲ್ಲ. ಅದನ್ನು ಅವಳು ಕೊಚ್ಚಿಯಲ್ಲಿ ಕಾಕ್ಕನಾಡಿನ ಬಸ್ಸಿನಲ್ಲಿ ಹಲ್ಲುನೋವು ತಡೆಯುತ್ತ ಬರೆದಿದ್ದಳು.

“ದಿನಾ ಓದುವುದು ನೀವಾ?”

“ನಾವ,” ಎಂದ ವೀರಭದ್ರ. “ಮಗಳು ನಿಕಿತಾ ಮದುವಿಗೆ ಬುಕ್ ಮಾಡುವಾಗ ನನ್ನ ಅಡ್ರೆಸ್ ಕೊಟ್ಟಿದ್ಲು. ಇಕಿಗೆ ಇಂಗ್ಲಿಷ್ ಬರಂಗಿಲ್ಲ. ನಾನ ಓದಿ ಹೇಳಬೇಕು.”

“ಓದೂದೇನು, ಅರ್ಧಾ ನುಂಗತಾರ,” ಎಂದಳು ಮೋಹಿನಿ. “ಅದಕ್ಕ ತಿರುಗಿ ತಿರುಗಿ ಓದಸ್ತೀನಿ. ನೀನೇನವಾ ಬರಿಯಾಕಿ? ನಿನ್ನ ಬಾಯಾಗ ಸಕ್ಕರಿ ಹಾಕಬೇಕು. ಇದು ಬಂದ ದಿನ ಗೋಧಿ ಹುಗ್ಗಿ ಮಾಡೀನಿ.”

ಕಳ್ಳನಿರಲಿಲ್ಲ. ಹರಿಣಾಕ್ಷಿಗೆ ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಚಹಾ ಕುಡಿದು ಹೊರಡಬೇಕೆನ್ನುವಾಗ ಕೋಣೆಯ ಮೂಲೆಯಲ್ಲಿ ಹೊಸ ತೊಟ್ಟಿಲು ಕಂಡಿತು. ಮೋಹಿನಿ ಹೊಲಿಯುತ್ತಿದ್ದದ್ದು ಅಂಗೈಯಗಲದ ಕುಲಾವಿ. ಮಗು ಒಳಗೆ ಮಲಗಿರಬೇಕೆಂದು ಹರಿಣಾಕ್ಷಿ ದನಿ ತಗ್ಗಿಸಿದಳು.

“ನಾಮಕರಣ ಉಂಟಾ ಅಮ್ಮ?”

“ಮತ್ತ! ಮೊದಲನೇ ಮೊಮ್ಮಗು. ಫೋಟೋ ನಿಮ್ಮವರ ಹಿಡೀಬೇಕು. ಈಗ ಬರಕೋ.”

“ಯಾವತ್ತು?”

“ಅದನ್ನ ನೀವ ಹೇಳ್ರಿ,” ಎಂದ ವೀರಭದ್ರ. “ನಾವು ಎಂದಿದ್ರೂ ತಯಾರ ಅದೀವಿ.”

ಎಷ್ಟು ಸಲೀಸಿನ ಗಿರಾಕಿ. ಹರಿಣಾಕ್ಷಿ ಅಲ್ಲೇ ಕೂತು ಇಸ್ಮಾಯಿಲ್‌ಗೆ ಮೆಸೇಜ್ ಹಾಕಿದಳು: ಮೇಲ್ ನೋಡಿ ಒಂದು ಬುಕಿಂಗ್ ಬಂತು ಇಕ್ಕಾ, ನಾಮಕರಣ. ಕ್ಷಣದಲ್ಲೇ ಉತ್ತರ ಬಂತು: ಭೇಷ್, ಇನ್ನು ನಿಲ್ಲಿಸುವುದಿಲ್ಲ. ಕೆಲಸ ಉಳಿದಿತ್ತು. ಬಹಳ ದಿನಗಳ ಮೇಲೆ ಅವಳ ಎದೆಯಲ್ಲಿ ಏನೋ ಅಲ್ಲಾಡಿತು.

“ಅಲಂಕಾರದವರು ಕೇಳ್ತಾರೆ ಅಮ್ಮ, ಬಣ್ಣಕ್ಕೆ. ಮಗು ಗಂಡಾ ಹೆಣ್ಣಾ?”

ಮೋಹಿನಿ ಸೂಜಿಯನ್ನು ಕುಲಾವಿಗೆ ಚುಚ್ಚಿಟ್ಟಳು. ವೀರಭದ್ರ ನೆಲ ನೋಡತೊಡಗಿದ.

“ಅದೊಂದು ನೀ ಬರೀಲೇ ಇಲ್ಲಲ್ಲವಾ,” ಎಂದಳು ಮೋಹಿನಿ. “ಮದುವಿ ಊಟದಾಗ ಇವರು ಬೀಗರಿಗೆ ಏನೋ ಒಂದು ಅಂದ್ರು. ಅವತ್ತ ಹೋದಾಕಿ ಮಗಳು ಒಂದು ಫೋನ್ ಸೈತ ಮಾಡಿಲ್ಲ. ಬಸರಾಗಿದ್ದು, ಹಡದದ್ದು, ಎಲ್ಲಾ ನೀನ ಅಲ್ಲೇನ ನಮಗ ತಿಳಿಸಿದ್ದು?”