ಮಾವನ ಸಿಸಿಲಿಯನ್

"ಬಾಗಿಲು ಮುಚ್ಚಿಕೊಂಡು ಆಡು," ಎಂದು ಗಂಡ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಬಿಚ್ಚಿ ಆಡಿದ್ಯೋ, ಅಪ್ಪ ನಿನ್ನನ್ನ ಮಡಚಿ ಮೂಲೆಗಿಡ್ತಾರೆ. ಸಿಸಿಲಿಯನ್ ಅವರಿಗೆ ಪದ್ಯ ಇದ್ದ ಹಾಗೆ, ನಿದ್ದೆಯಲ್ಲೂ ಬರುತ್ತೆ."

ಸೊಸೆ ಸುಮ್ಮನೆ ತಲೆಯಾಡಿಸಿದಳು. ಭಾನುವಾರವಾದ್ದರಿಂದ ಪ್ರೆಸ್ಸಿನ ಯಂತ್ರಗಳು ಮಲಗಿದ್ದವು. ಕಾಗದ ಕತ್ತರಿಸುವ ಮೇಜಿನ ಮೇಲೆ ಚದುರಂಗದ ಹಾಸು. ಆಚೆ ಬದಿಯಲ್ಲಿ, ನಲವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿ ಪುಸ್ತಕಗಳನ್ನು ಅಚ್ಚಿಗೆ ಸಿದ್ಧ ಮಾಡಿದ್ದ ಮಾವ. ಇವತ್ತಿನ ಆಟಕ್ಕೊಂದು ಪಣವಿತ್ತು. ಸೊಸೆ ಗೆದ್ದರೆ ಮಾವ ನಾಳೆಯೇ ಆಸ್ಪತ್ರೆಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕು. ಮಾವ ಗೆದ್ದರೆ ಒಂದು ವರ್ಷ ಮಗ ಸೊಸೆ ಇಬ್ಬರೂ ಕಣ್ಣಿನ ಮಾತೆತ್ತಕೂಡದು. ಇನ್ನು ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿ ಆಗಲೇ ಎಂಟು ತಿಂಗಳಾಗಿತ್ತು. "ನನಗೆ ಎಲ್ಲಾ ಕಾಣುತ್ತೆ," ಎನ್ನುವುದು ಮಾವನ ಒಂದೇ ಪಲ್ಲವಿ.

"ಬಿಳಿ ನೀನೇ ತಗೊಳ್ಳಮ್ಮ. ಚಿಕ್ಕವಳು, ಮೊದಲ ನಡೆ ನಿಂದೇ ಇರಲಿ," ಎಂದರು ಮಾವ, ದಾನ ಕೊಡುವವರ ಗತ್ತಿನಲ್ಲಿ.

ಅವಳು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು. ಮಾವ ಎದುರಿಗೆ ಬಂದು ನಿಲ್ಲಲಿಲ್ಲ; ಬದಿಯಿಂದ, ಒಂಟೆಯ ಮುಂದಿನ ಕಾಲಾಳನ್ನು ಬಿಟ್ಟರು. ಸಿಸಿಲಿಯನ್ ಅನ್ನುವ ಆರಂಭದ ಪಟ್ಟು ಅದೇ. ಇಲ್ಲಿಂದ ಬಿಳಿಗೆ ಎರಡು ದಾರಿ. ಬಾಗಿಲು ಮುಚ್ಚಿಕೊಂಡು ಕಾಯಿಗೆ ಕಾಯಿ ತಾಗದಂತೆ ನಿಧಾನವಾಗಿ ಕಟ್ಟುತ್ತಾ ಹೋಗುವುದು ಒಂದು. ನಡುವಿನ ಬಾಗಿಲು ತೆರೆದು, ಹೊಡೆದು ಹೊಡೆಸಿಕೊಂಡು ಆಡುವುದು ಇನ್ನೊಂದು. ಸೊಸೆ ಹಾಸನ್ನು ನೋಡುತ್ತಿರಲಿಲ್ಲ, ಮಾವನ ಬೆರಳುಗಳನ್ನು ನೋಡುತ್ತಿದ್ದಳು. ಪ್ರತಿ ನಡೆಗೂ ಮುಂಚೆ "ಸಾಲು ಸರಿ ಮಾಡ್ತೀನಿ" ಎನ್ನುತ್ತಾ ಅವರು ಕಾಯಿಗಳನ್ನೆಲ್ಲ ಒಂದು ಸುತ್ತು ಮುಟ್ಟಿಬರುತ್ತಿದ್ದರು. ಮೊಳೆ ಜೋಡಿಸಿದವರ ಚಾಳಿ ಎಂದು ಗಂಡ ನಗುತ್ತಿದ್ದ. ಚಾಳಿಯಲ್ಲ ಎಂಬ ಗುಮಾನಿ ಇವಳಿಗೆ. ಮಸಿ ಕೈಗಳಲ್ಲಿ ಆಡಿ ಆಡಿ ಬಿಳಿ ಕಾಯಿ ಕಂದಾಗಿತ್ತು, ಸವೆದು ಸವೆದು ಕಪ್ಪು ಕಾಯಿಯೂ ಕಂದಾಗಿತ್ತು. ಬಾಗಿಲು ಮುಚ್ಚಿದ್ದರೆ ಬೆರಳು ತಪ್ಪುವುದಿಲ್ಲ. ಅವರವರ ಕಾಯಿ ಅವರವರ ಅಂಗಳದಲ್ಲೇ ಇರುತ್ತದೆ. ಅವಳು ಬಾಗಿಲು ತೆರೆದಳು.

"ಅಯ್ಯೋ, ಹೋಯ್ತು!" ಎಂದ ಗಂಡ.

ಕಾಲಾಳಿಗೆ ಕಾಲಾಳು ಬಿತ್ತು. ಅವಳ ಕುದುರೆ ಹಾಸಿನ ನಡುವಿಗೆ ಬಂದು ನಿಂತಿತು. ಮಾವನ ಎರಡು ಕುದುರೆಗಳೂ ಹೊರಗೆ ಹಾರಿದವು. ಐದನೆಯ ನಡೆ. ಸೊಸೆಯ ಕುದುರೆ ಮಾವನ ಒಂದು ಕುದುರೆಯನ್ನು ಹೊಡೆದು ಅದೇ ಮನೆಯಲ್ಲಿ ಸದ್ದಿಲ್ಲದೆ ಕೂತಿತು. ಹೊಡೆದ ಕುದುರೆಯನ್ನು ಅವಳು ಮೆಲ್ಲಗೆ ಮಡಿಲಿಗೆ ಹಾಕಿಕೊಂಡಳು. ಗಂಡ ಬಾಯಿ ತೆರೆದ. ಅವಳು ಬರೀ ಹುಬ್ಬಿನಿಂದಲೇ ಆ ಬಾಯನ್ನು ಮುಚ್ಚಿಸಿದಳು.

ಮಾವ ಸಾಲು ಸರಿ ಮಾಡಿದರು. ಬೆರಳುಗಳು ನಡುವಿನ ಮನೆಗೆ ಬಂದು ತಡವರಿಸಿದವು. "ಎಲ್ಲಮ್ಮ ನಿನ್ನ ಕುದುರೆ? ಹೆದರಿ ಲಾಯ ಸೇರಿತಾ?" ಎಂದು ಗಹಗಹಿಸಿ, ಪಕ್ಕದ ಕುದುರೆಯನ್ನು ಎತ್ತಿ ಠೀವಿಯಿಂದ ಮುಂದಕ್ಕೆ ಕುಟ್ಟಿದರು. "ತಗೋ! ಇದಕ್ಕೆ ಉತ್ತರ ಕೊಡು ನೋಡೋಣ."

"ಮಾವ," ಎಂದಳು ಅವಳು, "ಅದು ನನ್ನ ಕುದುರೆ. ನಿಮ್ಮದು ನನ್ನ ಮಡಿಲಲ್ಲಿದೆ."

ಗಂಡ ನಗಲು ಹೊರಟವನು ಅಪ್ಪನ ಮುಖ ನೋಡಿ ನಿಲ್ಲಿಸಿದ. ಮಾವ ಆ ಕುದುರೆಯನ್ನು ಮತ್ತೆ ಎತ್ತಿ, ಕಿವಿಯಿಂದ ಬಾಲದವರೆಗೆ ಸವರಿದರು. "ಸೀಸಕ್ಕೆಲ್ಲ ಒಂದೇ ಬಣ್ಣ ಕಣಮ್ಮ," ಎಂದರು ಕೊನೆಗೆ. "ಆಕಾರ ಗೊತ್ತಾದರೆ ಸಾಕು, ಕೆಲಸ ಆಗಿಹೋಗ್ತಿತ್ತು. ಎಲ್ಲರ ಕಣ್ಣನ್ನೂ ಹಾಗೇ ತಪ್ಪಿಸಿಕೊಂಡು ಬಂದಿದ್ದೆ."

"ಆಟ ಇಲ್ಲಿಗೆ ಮುಗಿಸೋಣ ಮಾವ. ಇದನ್ನ ಗೆಲುವು ಅಂತ ನಾನು ಹೇಳಲ್ಲ."

"ಹೇಳೋ ಹಾಗೂ ಇಲ್ಲ!" ಮಾವನಿಗೆ ತಟ್ಟನೆ ಹುರುಪು ಬಂತು. "ಎದುರಿನವರ ಕಾಯಿ ಮುಟ್ಟಿದರೆ ಅದನ್ನ ಹೊಡೀಲೇಬೇಕು, ಅದು ನಿಯಮ. ಅದನ್ನ ಅದರ ಮನೆಗೆ ವಾಪಸ್ ಇಡು. ನನ್ನ ಕಾಲಾಳು ಹೊಡೀತು. ಇನ್ನು ಮುಂದೆ ನಡೆ ಬಾಯಲ್ಲಿ ಹೇಳು. ಕಳ್ಳಿ!"

ಅವಳು ಹೇಳುತ್ತಾ ಹೋದಳು. ಅವರು ಕಣ್ಣು ಮುಚ್ಚಿ, ಯಾರೋ ಓದುವ ಪದ್ಯಕ್ಕೆ ತಲೆದೂಗುವವರಂತೆ ಕೇಳಿಸಿಕೊಂಡು ಉತ್ತರ ಕೊಡುತ್ತಾ ಹೋದರು. ಮೂವತ್ತೊಂದನೆಯ ನಡೆಗೆ ಮಾವ ಹೇಳಿದರು: "ಚೆಕ್. ನಿನ್ನ ರಾಜನಿಗೆ ಇನ್ನು ಮನೆ ಇಲ್ಲ."

ಸೊಸೆ ಹುಡುಕಿದಳು. ಇರಲಿಲ್ಲ. ಒಂದು ವರ್ಷ! ಗಂಡ ಕಿಟಕಿಯ ಕಡೆ ತಿರುಗಿದ.

"ಏನು, ಇಬ್ಬರೂ ಉಸಿರೇ ಬಿಡ್ತಿಲ್ಲ?"

"ನಾವು ಆ ಮಾತು ಎತ್ತೋ ಹಾಗಿಲ್ವಲ್ಲ ಮಾವ."

"ನೀವು ಎತ್ತಬಾರದು. ನಾನು ಎತ್ತಬಾರದು ಅಂತ ಎಲ್ಲಿದೆ?" ಮಾವ ಅಂಗಿಯ ತೋಳು ಸರಿಮಾಡಿಕೊಂಡು ಎದ್ದು ನಿಂತರು. "ನಾಳೆ ಎಷ್ಟು ಗಂಟೆಗೆ ಹೊರಡಬೇಕು?"

"ಅಪ್ಪಾ, ಗೆದ್ದಿದ್ದು ನೀವು!" ಎಂದ ಮಗ.

"ಗೆದ್ದೆ ಕಣೋ, ಯಾರು ಇಲ್ಲ ಅಂದ್ರು? ಆದರೆ ಇವಳು ಈ ಮನೆಗೆ ಬಂದು ಎರಡು ವರ್ಷ ಆಯ್ತು. ನನ್ನ ಎದುರಿಗೇ ಕೂತು ನನ್ನ ಕುದುರೆಯನ್ನ ಮಡಿಲಿಗೆ ಹಾಕಿಕೊಂಡಳಲ್ಲ, ಆ ಮುಖ ಹೇಗಿದೆ ಅಂತ ನಾನಿನ್ನೂ ನೋಡೇ ಇಲ್ಲ."