ಇವಳಿಗ್ಯಾಕೆ ಫ್ರೆಂಚು?

ಪಿಯುಸಿಯಲ್ಲಿ ಮೇಖಲಾಳಿಗೆ ಫ್ರೆಂಚ್ ಬಿಡಿಸಿ ಸಂಸ್ಕೃತಕ್ಕೆ ಸೇರಿಸುವ ಅರ್ಜಿ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಅಪ್ಪನ ರುಜು ಒಂದೇ ಬಾಕಿ.

"ಒಳ್ಳೇ ಅಂಕ ಬರುತ್ತೆ, ಮುಂದೆ ಕೆಲಸ ಸಿಗುತ್ತೆ..." ಫ್ರೆಂಚ್ ಮೇಡಂ ಬೆರಳು ಮಡಚಿ ಎಣಿಸುತ್ತಿದ್ದರು.

"ಅಲ್ಲಾ ಮೇಡಂ, ಕನ್ನಡದಲ್ಲೇ ತೊದಲೋಳು ಫ್ರೆಂಚ್ ಕಟ್ಕೊಂಡು ಏನ್ ಮಾಡ್ತಾಳೆ?" ಅಪ್ಪ ಮಗಳತ್ತ ತಿರುಗಿದರು. "ನೀನೇ ಹೇಳು, ಯಾಕ್ ಬೇಕು?"

ಮೇಖಲಾಳ ಗಂಟಲಲ್ಲಿ ಮಾತು ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. "ನ... ನ... ನಂಗೆ..."

"ನಂಗೆ ಸಂಸ್ಕೃತಾನೇ ಸಾಕು ಅಂತಾಳೆ." ಎಂದಿನಂತೆ ಅವಳ ಮಾತನ್ನು ತಾವೇ ಮುಗಿಸಿ ಅಪ್ಪ ಪೆನ್ನಿನ ಮುಚ್ಚಳ ತೆಗೆದರು.

ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಅಜ್ಜಿ ಹೇಳುತ್ತಿದ್ದ ಏಳು ಸಮುದ್ರದಾಚೆಯ ಗಿಳಿಯ ಕಥೆಯನ್ನು ಫ್ರೆಂಚಿನಲ್ಲಿ ಶುರುಮಾಡಿದಳು. ರಾಜಕುಮಾರಿ ದೋಣಿ ಹತ್ತಿದಳು, ಏಳೂ ಸಮುದ್ರ ದಾಟಿದಳು, ಪಂಜರದ ಬಾಗಿಲು ತೆಗೆದಳು. ಕಥೆ ಮುಗಿಯುವ ತನಕ ಮೇಖಲಾಳ ನಾಲಿಗೆ ಒಂದಕ್ಷರಕ್ಕೂ ತೊಡರಲಿಲ್ಲ.

ಅಪ್ಪ ಪೆನ್ನನ್ನು ಮೇಜಿನ ಮೇಲಿಟ್ಟರು.

"ಅವಳು ಹೇಳಿದ್ದು ಏನಪ್ಪಾ ಅಂದ್ರೆ..." ಎಂದು ಮೇಡಂ ಬಾಯಿ ತೆರೆದರು.

ಅಪ್ಪ ಕೈ ಅಡ್ಡ ಹಿಡಿದರು. "ನೀವ್ ಸುಮ್ನಿರಿ ಮೇಡಂ. ಪುಟ್ಟೀ, ಇನ್ನೊಂದ್ಸಲ ಹೇಳು."