ಫಿನ್ಲೆಂಡಿನ ಸಿಂಫನಿ

“ತಮಟೆ ಬಡಿಯೋ ಕೇರಿಯವನಿಗೆ ಫಿನ್ಲೆಂಡಿನ ಸಿಂಫನಿ ಬೇಕಂತೆ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?”

ರಾಯರ ಮಾತಿಗೆ, ಸಂಗೀತ ಕೇಳಲು ಬಂದು ಕೂತಿದ್ದ ಗೆಳೆಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ್ತಿಲಾಚೆ ನಿಂತಿದ್ದವನ ಕೈ ಮುಷ್ಟಿಯಾಯಿತು. ಆದರೂ ಸಿಟ್ಟು ನುಂಗಿಕೊಂಡ. ಅವನು ಹುಟ್ಟುವ ಕೆಲವೇ ತಿಂಗಳ ಮೊದಲು ಪರದೇಶದ ವಾದ್ಯಗೋಷ್ಠಿಯೊಂದು ಊರಿನ ಟೌನ್‌ಹಾಲಿನಲ್ಲಿ ಆ ಸಿಂಫನಿ ನುಡಿಸಿತ್ತು. ಅಂದಿನ ಧ್ವನಿಮುದ್ರಣ ಇದ್ದದ್ದು ರಾಯರೊಬ್ಬರ ಬಳಿ.

“ನನಗಲ್ಲ ಸಾರ್, ನಮ್ಮವ್ವಂಗೆ. ಆಸ್ಪತ್ರೇಲಿ ಇವತ್ತೋ ನಾಳೆಯೋ ಅನ್ನೋ ಹಂಗವ್ಳೆ. ಅವತ್ತು ಟೌನ್‌ಹಾಲ್ ಬಾಗಿಲು ಕಾಯ್ತಿದ್ದೋನು ನಮ್ಮಪ್ಪ. ಆಮೇಲೆ ತಿಂಗಳೊಪ್ಪತ್ತಲ್ಲೇ ಕ್ಷಯ ಆಗಿ ಹೋಗ್ಬಿಟ್ಟ. ಮನೇಲಿ ಅವನದೊಂದು ಫೋಟೋನೂ ಇಲ್ಲ. ಅವತ್ತಿನ ರೆಕಾರ್ಡಿಂಗ್ ಒಂದ್ಸಲ ಕೇಳ್ಬೇಕು ಅಂತ ಅವ್ವ ಪ್ರಾಣ ಹಿಡ್ಕೊಂಡವ್ಳೆ. ನಿಮ್ಮ ಕಾಲಿಗೆ ಬೀಳ್ತೀನಿ, ಈ ಫೋನಿಗೆ ಹಾಕ್ಕೊಡಿ.”

ನಗು ನಿಂತಿತು. ಸಾಯುವ ಹೆಂಗಸಿನ ಆಸೆ ಎಂದಾಗ ರಾಯರೂ ಕರಗಿದರು. ಅದನ್ನು ಅವನ ಫೋನಿಗೆ ಹಾಕಿ, ಕೈಗಿಟ್ಟು, ಬೆನ್ನು ತಟ್ಟಿದರು.

“ನಿನ್ನ ಅದೃಷ್ಟ ಕಣೋ, ಮೊದಲು ಬಂದಿದ್ರೆ ಇಷ್ಟು ಚೆನ್ನಾಗಿರೋದು ಸಿಕ್ತಿರಲಿಲ್ಲ. ಪಿಟೀಲುಗಳು ಮೆತ್ತಗಾಗೋ ಕಡೆಯೆಲ್ಲ ಬಾಗಿಲ ಹತ್ರ ಯಾವನೋ ದರಿದ್ರದವನು ಕೆಮ್ಮಿ ಕೆಮ್ಮಿ ಹಾಳು ಮಾಡಿದ್ದ. ಹೋದ ವರ್ಷ ಆ ಕೆಮ್ಮನ್ನೆಲ್ಲ ಅಳಿಸಿಸಿ, ಹಳೇ ಟೇಪನ್ನ ಒಲೆಗೆ ಹಾಕಿದೆ. ಈಗ ಅಪ್ಪಟ ಚಿನ್ನ! ಅದಿರಲಿ, ನಿಮ್ಮವ್ವ ಕೇಳ್ಬೇಕು ಅಂದಿದ್ದು ಇದರಲ್ಲಿ ಯಾವ ಭಾಗ?”

ಅವನು ಮೆಟ್ಟಿಲಿಳಿದು ನಡೆದ.